ಗಂಟು ಕಟ್ಟದ ಕಾಯಿಲೆ

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಹರಿದುಹಾಕುವ ಮುಂಚೆ ಒಮ್ಮೆ ಓದುತ್ತೀಯ ಎಂಬ ಆಸೆ. ಅಕ್ಕನ ಮೇಲಿನ ಪ್ರೀತಿಗಲ್ಲದಿದ್ದರೂ ಅಣ್ಣನ ವಿಷಯ ಎಂತಲಾದರೂ ಓದು.

ಅಣ್ಣ ತೀರಿಕೊಂಡ ದಿನ ಎಲ್ಲರೆದುರು ಕೇಳಿದೆಯಲ್ಲ, "ಹೊಟ್ಟೆಯೊಳಗೆ ಕ್ಯಾಮರಾ ಬಿಟ್ಟು ನೋಡಿ ಏನೂ ಇಲ್ಲ ಅಂದ್ರು. ದಿನಾ ಇದೇ ಕಾಯಿಲೆ ನೋಡೋ ನಿನಗೂ ಗೊತ್ತಾಗಲಿಲ್ವಾ ಅಕ್ಕ?" ಅದಕ್ಕೆ ಉತ್ತರ ಇವತ್ತು ಹೇಳುತ್ತೇನೆ.

ನಮ್ಮಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕ ಕೂತು, ಜೀವ ಕೈಯಲ್ಲಿ ಹಿಡಿದೇ ಬದುಕಿದವನು. ಎರಡು ತುತ್ತಿಗೇ ಹೊಟ್ಟೆ ತುಂಬತೊಡಗಿದಾಗ, ಶಿಷ್ಯರು ಬ್ರೇಕ್ ಹಾಕುವ ರೀತಿಗೆ ಹಸಿವೇ ಹೆದರಿ ಓಡಿಹೋಗಿದೆ ಎಂದು ನಗಿಸಿದ್ದ. ಮೈ ಇಳಿಯುತ್ತಾ ಬಂದ ಮೇಲೆ ನಾನೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಮೊದಲ ಸಲ ಕ್ಯಾಮರಾದಲ್ಲಿ ಒಳಪದರ ನುಣ್ಣಗೆ ಕಂಡಿತು. ಗಂಟಿಲ್ಲ, ಹುಣ್ಣಿಲ್ಲ. ಎರಡನೆಯ ಸಲ ಅಲ್ಲಲ್ಲಿ ಚೂರು ತೆಗೆದು ನಮ್ಮ ಲ್ಯಾಬಿಗೇ ಕಳಿಸಿದರು. ಅಂಥ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು ನನ್ನ ಕೆಲಸವಾದರೂ, ಒಡಹುಟ್ಟಿದವನದ್ದನ್ನು ನಾನು ನೋಡುವುದು ಬೇಡವೆಂದು ನಮ್ಮ ಹಿರಿಯ ಡಾಕ್ಟರಮ್ಮ ತಾವೇ ನೋಡಿದರು. ಆಮೇಲೆ ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದಿನ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಗುಬ್ಬಿ. ಹಾಗೆ ಹಿಡಿದಿಡಲು ಅವುಗಳ ಅಂಚಿನಲ್ಲಿ ಒಂದು ಪ್ರೋಟೀನ್ ಇದೆ. ನಾವು ಹಾಕುವ ಬಣ್ಣಕ್ಕೆ ಅದು ಕಂದು ಗೆರೆಯಾಗಿ ಕಾಣುತ್ತದೆ. ಅಣ್ಣನ ಒಳ್ಳೆಯ ಕೋಶಗಳ ಸುತ್ತ ಆ ಗೆರೆ ಇತ್ತು. ಅವುಗಳ ಕೆಳಗೆ ಒಂಟೊಂಟಿಯಾಗಿ ಚದುರಿದ್ದ ಕ್ಯಾನ್ಸರ್ ಕೋಶಗಳಿಗೆ ಗೆರೆಯೇ ಇರಲಿಲ್ಲ. ಹಿಡಿತ ತಪ್ಪಿದ ಇಂಥವು ಗಂಟು ಕಟ್ಟುವುದಿಲ್ಲ. ಒಂದೊಂದಾಗಿ ನುಸುಳಿ ಜಠರದ ಗೋಡೆಯೊಳಗೆ ಇಳಿಯುತ್ತವೆ, ಅದನ್ನೂ ದಾಟಿ ಬೇರೆ ಕಡೆ ಹೋಗುತ್ತವೆ. ಮೇಲಿನಿಂದ ನೋಡುವ ಕ್ಯಾಮರಾಕ್ಕೆ ಸಿಗುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಏನೂ ಇಲ್ಲ ಎಂದವರು ನಮ್ಮಿಂದ ಏನನ್ನೂ ಮುಚ್ಚಿಡಲಿಲ್ಲ.

ಅಣ್ಣನಿಗೆ ವಿಷಯ ಹೇಳಿದ್ದು ನಾನೇ, ಅವನ ಕಾರಿನಲ್ಲಿ ಕೂತು. ಬಹಳ ಹೊತ್ತು ಸ್ಟೇರಿಂಗ್ ಒರೆಸುತ್ತಿದ್ದ. ಆಮೇಲೆ ಒಂದೇ ಮಾತು ಕೇಳಿದ: "ಅಮ್ಮಂಗೂ ಇದೇನಾ ಆಗಿದ್ದು?"

ಅಮ್ಮ ಹೋದದ್ದು ಅಲ್ಸರಿನಿಂದ ಎಂದು ನಾವು ನಂಬಿಕೊಂಡಿದ್ದೆವಲ್ಲ, ಬಹುಶಃ ಇದೇ. ಆ ಪ್ರೋಟೀನ್ ತಯಾರಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಅಣ್ಣನಿಗೆ ಹುಟ್ಟಿನಿಂದಲೇ ಕೆಟ್ಟಿತ್ತೆಂದು ರಕ್ತಪರೀಕ್ಷೆ ಹೇಳಿತು. ಯಾವುದೋ ಕೋಶದಲ್ಲಿ ಇನ್ನೊಂದೂ ಕೈಕೊಟ್ಟರೆ ಹಿಡಿತ ಸಡಿಲುತ್ತದೆ. ಅದೇ ಜೀನ್ ಕೆಟ್ಟರೆ ಹೆಂಗಸರಿಗೆ ಎದೆಯಲ್ಲೂ ಇಂಥದ್ದೇ ಬರಬಹುದು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಎದೆಯ ಕ್ಯಾನ್ಸರಿನಿಂದ ಹೋದಾಗಲೂ ಕೈಗೆ ಸಿಗುವ ಗಂಟು ಇರಲಿಲ್ಲವಂತೆ.

ಆ ಕೆಟ್ಟ ಪ್ರತಿ ಒಡಹುಟ್ಟಿದವರಿಗೂ ಬಂದಿರಬಹುದು, ಬಾರದೆಯೂ ಇರಬಹುದು, ಅರ್ಧಕ್ಕರ್ಧ. ನೀನು ಪರೀಕ್ಷೆಯೇ ಬೇಡ ಎನ್ನುತ್ತಿದ್ದೀಯೆಂದು ನಿನ್ನ ಗಂಡ ಹೇಳಿದರು. ಗೊತ್ತಾದರೆ ಮಗುವಿನ ಮುಖ ನೋಡಲೂ ಭಯವಾಗುತ್ತದೆ ಎಂದೆಯಂತೆ. ಆ ಭಯ ನನಗೆ ಅರ್ಥವಾಗುತ್ತದೆ, ನೀನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಆದರೆ ಮೊದಲೇ ತಿಳಿದವರಿಗೆ ಒಂದು ದಾರಿಯಿದೆ. ಜಠರವನ್ನು ಪೂರ್ತಿ ತೆಗೆದು ಅನ್ನನಾಳವನ್ನು ಕರುಳಿಗೆ ಜೋಡಿಸುತ್ತಾರೆ. ಸುಲಭವಲ್ಲ. ಕೊಂಚ ಕೊಂಚವೇ ತಿನ್ನುವುದನ್ನು ಮಗುವಿನಂತೆ ಹೊಸದಾಗಿ ಕಲಿಯಬೇಕು. ಆದರೂ ಬದುಕಬಹುದು. ಅಣ್ಣನಿಗೆ ಆ ದಾರಿ ಸಿಗಲಿಲ್ಲ. ಕೊನೆಗೆ ಉಸಿರು ಎಳೆಯುವುದೇ ಕಷ್ಟವಾದಾಗಲೂ ಹೇಳಿದ: "ಗುಬ್ಬಿ ನಿನ್ ಮೇಲೆ ರೇಗ್ತಾಳೆ. ರೇಗ್ಲಿ ಬಿಡು. ಅವಳ ರಕ್ತ ಮಾತ್ರ ಪರೀಕ್ಷೆ ಮಾಡ್ಸು."

ರೇಗು. ಆದರೆ ಬಾ.

ನಿನ್ನದೇ
ಅಕ್ಕ

ಇನ್ನೊಂದು ಮಾತು: ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕೈಗೆ ಡ್ರಿಪ್ ಚುಚ್ಚಿದ್ದಾರೆ. ಆ ಕೆಟ್ಟ ಪ್ರತಿ ನನಗೂ ಬಂದಿತ್ತು ಗುಬ್ಬಿ. ಹೋದ ವಾರ ಜಠರ ತೆಗೆದರು. ಮೊದಲೇ ಬರೆದಿದ್ದರೆ ನೀನು ಮಿಕ್ಕದ್ದನ್ನು ಓದದೆ ಅಳುತ್ತಾ ಕೂರುತ್ತಿದ್ದೆ, ಅದಕ್ಕೇ ಕೊನೆಗಿಟ್ಟೆ. ತೆಗೆದದ್ದನ್ನು ಡಾಕ್ಟರಮ್ಮ ನೋಡಿದರು. ಒಳಪದರದ ಅಡಿಯಲ್ಲಿ ಅವೇ ಒಂಟಿ ಕೋಶಗಳು ಆಗಲೇ ಇದ್ದವಂತೆ, ಗೋಡೆಗೆ ಇನ್ನೂ ಇಳಿದಿರಲಿಲ್ಲವಂತೆ. ಬೆಳಿಗ್ಗೆ ಎರಡು ಚಮಚ ಬೇಯಿಸಿದ ಸೇಬು ತಿಂದೆ. ಬಹಳ ಹೊತ್ತು ಹಿಡಿಯಿತು. ಆದರೆ ಹೊಟ್ಟೆಯಲ್ಲಿ ನಿಂತಿತು, ಅಂದರೆ ಹೊಟ್ಟೆ ಇದ್ದ ಜಾಗದಲ್ಲಿ.