ಗ್ರಂಥಾಲಯದಲ್ಲಿ ನಡೆದ ರಾಜಿ

ಗ್ರಂಥಪಾಲಕ ಶಿವಮೂರ್ತಿಯವರಿಗೆ,

ಗ್ರಂಥಾಲಯದಲ್ಲಿ ನಾನು ಓದುತ್ತಿದ್ದ ಪುಸ್ತಕವನ್ನು ನಮ್ಮೂರ ಕಲ್ಲೇಶ್ ಕಿತ್ತುಕೊಂಡು ಎಸೆದು, "ಮನೇಲಿ ಕೊಬ್ಬರಿ ಸುಲಿಯೋ ಕೆಲ್ಸ ಇಲ್ವೇನಮ್ಮ?" ಅಂದದ್ದನ್ನು ನೀವೇ ನೋಡಿದಿರಿ. ದೂರು ಬೇಡ, ಸುತ್ತ ಕೂತು ಮಾತಾಡಿ ಸರಿಮಾಡೋಣ, ತುರುವೇಕೆರೆಯಲ್ಲಿ ನಡೆದ ಗ್ರಂಥಪಾಲಕರ ತರಬೇತಿಯಲ್ಲಿ ಹಾಗೆ ಕಲಿಸಿದ್ದಾರೆ ಎಂದಿರಿ. ಒಪ್ಪಿದೆ.

ಭಾನುವಾರ ಕುರ್ಚಿಗಳಲ್ಲೆಲ್ಲ ಊರಿನ ಗಂಡಸರೇ ಕೂತರು. ನಾನು ಬೀರುವಿಗೆ ಒರಗಿ ನಿಂತಿದ್ದೆ. "ಏನು ನೋವಾಯ್ತು, ಹೇಳಿ" ಎಂದು ನೀವು ಕೇಳಿದ್ದು ನನ್ನ ಗಂಡನನ್ನು. ಕಲ್ಲೇಶ್ ಕೈ ಮುಗಿದದ್ದೂ ಅವರಿಗೇ. "ತಪ್ಪಾಯ್ತು ಕಣಣ್ಣ, ಬುಡು." ಇವರು ಬಿಟ್ಟರು. ನನ್ನ ಸಿಟ್ಟನ್ನು ಬಿಡಲು ಇವರ್ಯಾರು? ಎಲ್ಲರೂ ಎಳನೀರು ಕುಡಿದು ಎದ್ದಿರಿ.

ಬರುವ ಭಾನುವಾರ ಕಲ್ಲೇಶನನ್ನು ಮತ್ತೆ ಕರೆಸಿ. ನನಗೊಂದು ಕುರ್ಚಿ ಹಾಕಿ. ನಮ್ಮ ಯಜಮಾನರು ಬರುವುದಿಲ್ಲ. ಅವರಿಗೆ ಮನೆಯಲ್ಲಿ ಕೊಬ್ಬರಿ ಸುಲಿಯುವ ಕೆಲಸವಿದೆ.

ಇಂತಿ,
ಗ್ರಂಥಾಲಯದ ಸದಸ್ಯೆ
ವನಜಾಕ್ಷಿ