ಹಸಿರು ಬಿದ್ದರೆ ಮಾತ್ರ ತೂಬು

ಮೆಟ್ರಿ, ಶುಕ್ರವಾರ

ತಂಗಿ ಮಗಳು ಅನ್ನಪೂರ್ಣಳಿಗೆ, ನಿನ್ನ ಮಾವ ಎರ್ರೆಪ್ಪ ಬರೆಯುವುದು.

ಫೋನು ಎತ್ತುತ್ತಿಲ್ಲ ನೀನು. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ನಿಧಾನಕ್ಕೆ ಓದು.

ಹೋದ ಬೆಳೆಗೆ ಯಾರೋ ಖದೀಮರು ನೀರಿನ ಸಂಘದ ಕಾರ್ಯದರ್ಶಿ ಮೌನೇಶನ ಹೆಸರಲ್ಲಿ 'ತೂಬು ಮುಚ್ಚು' ಅಂತ ಮೆಸೇಜು ಹಾಕಿದರು. ಕಾಲುವೆಗೆ ನೀರು ಬಿಡುವ ನೀರಗಂಟಿ ನಾನು, ನಂಬಿ ಮುಚ್ಚಿದೆ. ಕಾಲುವೆ ಕೊನೆಯವರ ನೆಲ್ಲು ಒಣಗಿತು. ಅವರ ಬಾಯಿಂದ ಏನೇನು ಕೇಳಿದೆ ಅನ್ನುವುದು ನಿನಗೆ ಗೊತ್ತು. ನನ್ನ ಬಾಡಿದ ಮುಖ ನೋಡಲಾರದೆ ನೀನೇ ಆ ಪ್ರೋಗ್ರಾಂ ಬರೆದೆ. ಮೌನೇಶನ ಫೋನು ಮೆಸೇಜಿಗೆ ಗುಪ್ತ ಸಹಿ ಹಾಕಬೇಕು, ನನ್ನ ಫೋನು ಅದನ್ನು ತಾಳೆ ನೋಡಬೇಕು. ನಿಜವಿದ್ದರೆ ಹಸಿರು, ಸುಳ್ಳಿದ್ದರೆ ಕೆಂಪು.

ನೋಡಿದರೆ ಮೌನೇಶನ ನಿಜವಾದ ಮೆಸೇಜುಗಳೂ ಎಲ್ಲ ಕೆಂಪು! ಮೂರು ದಿನ ನೀನು ಕಾಲುವೆ ದಂಡೆಯ ಮೇಲೆ ಕೂತು ಒದ್ದಾಡಿದೆ. "ಸಹಿ ಹಾಕೋ ಲೈಬ್ರರಿ, ಅಂದ್ರ ಸಿದ್ಧ ಕೋಡು, ನಾ ಬರದಿದ್ದಲ್ಲ ಮಾವ, ಭಾಳ ಮಂದಿ ಪರೀಕ್ಷೆ ಮಾಡಿದ್ದು" ಅಂದೆ. ಹಳೆಯದು ತೆಗೆದು ಹೊಸದು ಹಾಕಿದೆ. ಎರಡೂ ಫೋನಿನ ಸಹಿಯ ಕೀಲಿ ಹೊಂದಿಸಿದೆ. ಮತ್ತೆ ಕೆಂಪೇ. ನನಗೆ ತಾಳ್ಮೆ ಎಲ್ಲಿಯದು? "ನಿನ್ನ ಕಲಿಕಿ ತಗೊಂಡು ಹೊಳಿಗೆ ಹಾಕು, ಕಿತ್ತು ಒಗಿ ಅದನ್ನ" ಅಂತ ಹತ್ತು ಮಂದಿಯ ಮುಂದೆ ಬೈದೆ. ನೀನು ಹೊಸಪೇಟೆ ಬಸ್ಸು ಹತ್ತಿದೆ.

ನಿನ್ನೆ ಮೌನೇಶನ ಪಕ್ಕಕ್ಕೆ ಕೂತು, ಅವನು ಕಳಿಸುವುದನ್ನೇ ದಿಟ್ಟಿಸಿದೆ. ಸಹಿ ಹಾಕಿಸಿದ. ಆಮೇಲೆ ಮೆಸೇಜಿನ ತಲೆಗೆ 'ಶ್ರೀ' ಅಂತ ಬರೆದು ಕಳಿಸಿದ.

"ಏನ್ಲೇ ಅದು?"

"ಶ್ರೀ ಇಲ್ದ ಯಾರನ ಬರೀತಾರೇನ್ರಿ ಯಜಮಾನ್ರ? ನಮ್ಮಪ್ಪ ಆಗಿದ್ರ ಕೈ ಮುರೀತಿದ್ದ!"

ನಿನ್ನ ವಿದ್ಯೆ ನನಗೆ ತಿಳಿಯದು. ಆದರೆ ಹೆಬ್ಬೆಟ್ಟು ಒತ್ತಿದ ಮೇಲೆ ಒಂದಕ್ಷರ ಸೇರಿಸಿದರೂ ಆ ಕಾಗದ ರದ್ದಿ ಅನ್ನುವುದು ಗೊತ್ತು. ಶ್ರೀ ಬಿಟ್ಟು ಕಳಿಸು ಅಂದೆ. ಹಸಿರು. ಹಾಕಿಸಿದೆ, ಕೆಂಪು. ಮೌನೇಶ ಬೇಸತ್ತು ಎದ್ದುಹೋಗುವತನಕ ಅದನ್ನೇ ಮಾಡಿಸಿದೆ.

ನೀನು ಕಟ್ಟಿದ್ದು ಮೊದಲ ದಿನದಿಂದಲೂ ಸರಿಯೇ ಇತ್ತು, ಹುಡುಗಿ. ಸಹಿಯಾದ ಮೇಲೆ ದೇವರ ಹೆಸರು ಸೇರಿಸಿದರೂ ಅದು ಬಿಡಲಿಲ್ಲ. ಇನ್ನು ಕಳ್ಳರನ್ನು ಬಿಟ್ಟೀತೇ? ತಪ್ಪು ನನ್ನ ನಾಲಿಗೆಯದು.

ಸೋಮವಾರ ಸಂಘದ ಸಭೆ. ಪ್ರೋಗ್ರಾಂ ತೆಗೆದು ಹಳೇ ಪದ್ಧತಿಗೇ ಹೋಗೋಣ ಅನ್ನುವವರು ಬಹಳ. ಹೋದರೆ ಮತ್ತೆ ಸುಳ್ಳು ಮೆಸೇಜು, ಮತ್ತೆ ಒಣಗಿದ ನೆಲ್ಲು. ಈಗಾಗಲೇ ತೆನೆ ಹಾಲು ಕಟ್ಟುತ್ತಿದೆ, ನೀರು ತಪ್ಪುವಂತಿಲ್ಲ. ನಾನು ಎಷ್ಟು ಹೇಳಿದರೂ ಕೊನೆಯ ಗದ್ದೆಯ ತಾಯಕ್ಕ ಒಂದೇ ಹಟ: "ನೀ ಸುಮ್ಕಿರೋ ಎರ್ರೆಪ್ಪ, ನಿನಗೇನು ತಿಳೀತೈತಿ. ಆ ಹುಡುಗಿ ಬಂದು ತೋರಸ್ಲಿ, ನಾ ಕೈ ಎತ್ತತೀನಿ." ಅವಳು ಎತ್ತಿದರೆ ಕೊನೆಯವರೆಲ್ಲ ಎತ್ತುತ್ತಾರೆ.

ಸಭೆಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬಾ. ಆ ಶ್ರೀಯನ್ನು ಸಹಿಗೆ ಮೊದಲೇ ಫೋನೇ ಬರೆಯುವಂತೆ ಮಾಡು. ಮೌನೇಶ ಸಾಯುವತನಕ ಅದನ್ನು ಬಿಡುವವನಲ್ಲ.

ಬರದಿದ್ದರೆ ನಿನ್ನ ಆಫೀಸಿನ ಬಾಗಿಲಿಗೇ ಬಂದು ಕೂರುತ್ತೇನೆ, ಎಬ್ಬಿಸಲು ಯಾರಿಂದಲೂ ಆಗದು. ಬಂದರೆ, ಎಲ್ಲರ ಎದುರಿಗೆ ತಪ್ಪಾಯಿತು ಅನ್ನುವೆ. ಇಷ್ಟು ವಯಸ್ಸಿಗೆ ಯಾರಿಗೂ ಅಂದವನಲ್ಲ, ನಿನಗೆ ಅನ್ನುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಕೈ ಗಟ್ಟಿಯಿರಲಿ.

ದಾರಿ ಕಾಯುವ ನಿನ್ನ ಮಾವ,
ಎರ್ರೆಪ್ಪ