ಮಣ್ಣಿನ ಗೂಡು ಒಡೆದವನಿಗೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ ಬೆಳಿಗ್ಗೆ

ಅಣ್ಣಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಗೀಟು ಕಾಣದಿರಲಿ ಎಂದು ಇನ್ನೊಂದು ಹಾಳೆ ತೆಗೆದುಕೊಂಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೆ? ಅಮ್ಮನಿಗೆ ಈಗಲಾದರೂ ನಿದ್ದೆ ಬರುತ್ತಿದೆಯೆ? ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇನ್ನು ನಾನು ಹೇಳುವುದನ್ನು ನೀನು ಕೇಳು.

ಮಗಳನ್ನು ಶಾಲೆ ಬಿಡಿಸಿದ್ದು ಶೋಕಿಗಲ್ಲ. ಒಂಬತ್ತು ವರ್ಷದ ಹುಡುಗಿ, ಮಾತು ಉಗ್ಗುತ್ತದೆ. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕಾದ ದಿನವೆಲ್ಲ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನವರು ಅವಳಂತೆಯೇ ಉಗ್ಗಿ ತೋರಿಸಿ ನಗುತ್ತಿದ್ದರು. ಮನೆಯಲ್ಲಾದರೆ ಬೆಳಿಗ್ಗೆ ಲೆಕ್ಕ, ಭಾಷೆ. ಮಧ್ಯಾಹ್ನ ನಾನು ಹೊಲಿಗೆ ಮೆಷಿನ್ ತುಳಿಯುವಾಗ ಅವಳಿಗೆ ಪ್ರಕೃತಿ ಪಾಠ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಎಲ್ಲಿಯ ಪ್ರಕೃತಿ ಅಂತ ನೀನು ನಕ್ಕೆಯಲ್ಲ, ನೀರಿನ ಪೈಪಿನ ಮೇಲಿನ ಪಾಚಿ, ಗಡಿಯಾರದ ಹಿಂದಿನ ಹಲ್ಲಿಮೊಟ್ಟೆ, ಎದುರು ಮನೆಯ ತಂತಿಯ ಮೇಲೆ ಜಗಳವಾಡುವ ಕಾಗೆಗಳು, ಇಷ್ಟೇ ನಮ್ಮ ಕಾಡು. ಆಮೇಲೆ ಆ ಕಣಜ ಬಂತು. ನನ್ನ ಮೆಷಿನ್ ಮೇಲಿನ ಕಿಟಕಿಯ ಚೌಕಟ್ಟಿಗೆ ಮಣ್ಣಿನ ಗೂಡು ಕಟ್ಟಿತು. ಹತ್ತೊಂಬತ್ತು ದಿನ ಮಗಳು ಸ್ಟೂಲಿನ ಮೇಲೆ ಕೂತು ಬರೆದಿದ್ದಾಳೆ: ಒಂದು ಕೋಣೆಗೆ ಎಷ್ಟು ಉಂಡೆ ಮಣ್ಣು, ಒಂದು ಸಲ ಹೋಗಿಬರಲು ಎಷ್ಟು ನಿಮಿಷ. ಆ ಮಣ್ಣು ಕೆಳಗೆ ಸೈಕಲ್ ನಿಲ್ಲಿಸುವ ಕಡೆ ಸೋರುವ ನಲ್ಲಿಯದು ಎಂದು ಪತ್ತೆ ಹಚ್ಚಿದವಳೂ ಅವಳೇ. ಅದೇ ನಲ್ಲಿಯಿಂದ ಆರು ವರ್ಷ ನೀರು ಹೊತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ.

ನಾಲ್ಕು ದಿನಕ್ಕೆಂದು ಬಂದವನು ನೀನು. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಮಗುವಿಗೆ ಏನಾದರೂ ಹೇಳಿಕೊಟ್ಟೀಯ ಎಂದು ಪೆದ್ದಿಯ ಹಾಗೆ ಖುಷಿಪಟ್ಟಿದ್ದೆ. ಹೊಲಿದ ಶರ್ಟುಗಳನ್ನು ಕೊಡಲು ನಾನು ಅಂಗಡಿಗೆ ಹೋಗಿಬರುವಷ್ಟರಲ್ಲಿ ನೀನು ಪೊರಕೆಯ ಹಿಡಿಯಿಂದ ಗೂಡನ್ನು ಕೆಡವಿದ್ದೆ. ಮಗಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಚೂರು ಆಯುತ್ತಿದ್ದಳು. ‘ಕಚ್ಚಿದ್ರೆ ಯಾರು ಜವಾಬ್ದಾರಿ? ಹುಳ ನೋಡ್ಕೊಂಡು ಕೂತ್ರೆ ಇವಳ ನಾಲಿಗೆ ತಿರುಗುತ್ತೇನು?’ ಎಂದು ನೀನು ಅಂದೆ, ಅವಳ ಎದುರಿಗೇ. ದೊಡ್ಡವನು ಎಂದು ನಾನು ಬಾಯಿ ಮುಚ್ಚಿಕೊಂಡು ನಿನಗೆ ಚಹಾ ಮಾಡಿಕೊಟ್ಟೆ. ನಿನಗಿಂತ ಹೆಚ್ಚು ಸಿಟ್ಟು ನನಗೆ ಆ ಚಹಾದ ಮೇಲಿದೆ. ಎರಡು ದಿನ ಮಗಳು ಆ ಚೂರುಗಳ ಮುಂದೆಯೇ ಕೂತಿದ್ದಳು. ಮೂರನೇ ದಿನ ಅವಳ ಪುಸ್ತಕ ತೆರೆದು ನೋಡಿದರೆ ಹೀಗೆ ಬರೆದಿದ್ದಳು: ‘ಮಾವ ಒಡೆದರು. ಒಳಗೆ ಮೂರು ಕೋಣೆ. ಇಪ್ಪತ್ತಮೂರು ಜೇಡ. ಮುಟ್ಟಿದರೆ ಕಾಲು ಅಲುಗುತ್ತದೆ, ನಡೆಯುವುದಿಲ್ಲ.’ ಬೈಗುಳ ಒಂದೂ ಇಲ್ಲ. ಬೈಯಲು ನಾನಿದ್ದೇನೆ.

ಮೊನ್ನೆ ಸೋಮವಾರ ಶಿಕ್ಷಣ ಇಲಾಖೆಯಿಂದ ಒಬ್ಬ ಹೆಂಗಸು ಬಂದರು. ದೂರು ಬಂದಿದೆಯಂತೆ: ತಾಯಿ ಮಗುವಿಗೆ ಏನೂ ಕಲಿಸುತ್ತಿಲ್ಲ, ದಿನವಿಡೀ ಹುಳಹುಪ್ಪಟೆಯೊಂದಿಗೆ ಬಿಟ್ಟಿದ್ದಾಳೆ, ಕೂಡಲೇ ಶಾಲೆಗೆ ಸೇರಿಸಬೇಕು. ಅವರು ಮಗಳ ಪುಸ್ತಕವನ್ನು ಮೊದಲಿನಿಂದ ಓದಿ, ‘ಅಷ್ಟೊಂದು ಜೇಡ ಯಾಕಮ್ಮ ಕೂಡಿಟ್ಟಿತ್ತು?’ ಎಂದರು. ಮಗಳು ಎದ್ದು ನಿಂತಳು. ‘ಮ’ ಅನ್ನುವಲ್ಲೇ ಸಿಕ್ಕಿಕೊಂಡಳು. ಮುಖ ಕೆಂಪಾಯಿತು, ಸೆರಗು ಹಿಂಡುತ್ತ ನಾನೇ ಹೇಳಿಬಿಡಲೇ ಎಂದುಕೊಂಡೆ. ಆಕೆ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಗಡಿಯಾರ ನೋಡಲಿಲ್ಲ, ಮಾತು ಪೂರ್ತಿ ಮಾಡಿಕೊಡಲಿಲ್ಲ, ಸುಮ್ಮನೆ ಕಾದರು. ಕೊನೆಗೆ ಮಾತು ಬಂತು: ‘ಮರಿಗೆ ಊಟ. ಸತ್ರೆ ಕೆಟ್ಟುಹೋಗುತ್ತೆ, ಅದಕ್ಕೇ ಸಾಯಿಸಲ್ಲ.’ ಅದನ್ನು ಅವಳಿಗೆ ನಾನು ಹೇಳಿಕೊಟ್ಟದ್ದಲ್ಲ.

ಎಲ್ಲವೂ ಸುಖಾಂತ್ಯವಾಯಿತು ಎಂದುಕೊಳ್ಳಬೇಡ. ಏಳರ ಮಗ್ಗಿಯಲ್ಲಿ ಎಡವಿದಳು. ಕಾಗುಣಿತ ಸರಿಯಿಲ್ಲವೆಂದು ನಾನೇ ಬೈಸಿಕೊಳ್ಳಬೇಕಾಯಿತು. ಆರು ತಿಂಗಳ ಅನುಮತಿ ಕೊಟ್ಟಿದ್ದಾರೆ, ಆಮೇಲೆ ಪರೀಕ್ಷೆ. ಹೊರಡುವಾಗ ದೂರಿನ ಒಂದು ಪ್ರತಿ ಕೊಟ್ಟರು. ಹೆಸರು ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು. ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವನು ನೀನು. ನಿನ್ನ ‘ಳ’ದ ಉದ್ದ ಬಾಲ ನನ್ನ ಬರವಣಿಗೆಯಲ್ಲೂ ಇದೆ. ಈ ಕಾಗದದಲ್ಲಿ ಅದನ್ನು ಬೇಕೆಂದೇ ಮೊಟಕಾಗಿ ಬರೆದಿದ್ದೇನೆ. ಇನ್ನು ನಮ್ಮ ಮೆಟ್ಟಿಲು ಹತ್ತಬೇಡ. ಮಂಡಿಗೂ ಒಳ್ಳೆಯದು.

ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಪಾಲಿನದು ಈ ಸಲ ನನ್ನ ಬಳಿಯೇ ಇರಲಿ.

ನಿನ್ನ ತಂಗಿ

ವಿ.ಸೂ.: ದೂರಿನ ಕೆಳಗೆ ಎರಡು ಸಹಿಗಳಿವೆ. ಎರಡನೆಯದು ಅಮ್ಮನದು. ನಿನ್ನೆ ಸಂಜೆ ನೀನು ವಾಕಿಂಗ್ ಹೋಗಿದ್ದಾಗ ಅವಳಿಗೆ ಫೋನ್ ಮಾಡಿದ್ದೆ. ‘ಬ್ಯಾಂಕಿನ ಕಾಗದ ಅಂದ ಕಣೆ. ಕನ್ನಡಕ ಕೇಳ್ದೆ, ಬೇಡ, ಇಲ್ಲಿ ಹಾಕು ಸಾಕು ಅಂದ’ ಎಂದಳು. ದೂರನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ. ‘ಬಂದು ನನ್ನ ಕರ್ಕೊಂಡು ಹೋಗು’ ಅಂದಳು. ಶನಿವಾರ ಹತ್ತು ಗಂಟೆಗೆ ನಮ್ಮವರೂ ನಾನೂ ವ್ಯಾನ್ ತರುತ್ತೇವೆ. ಅವಳು ಬಾಗಿಲಲ್ಲೇ ಕೂತಿರುತ್ತಾಳಂತೆ. ನೀನು ಹೊರಗೆ ಬರುವುದು ಬೇಡ.